ಮಕ್ಕಳನ್ನು ಕರೆದುಕೊಂಡು ಅಂಡಮಾನಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ರಜೆ ಹತ್ತಿರ ಬಂದಂತೆ ದ್ವೀಪ ಪ್ರವಾಸದ ಬಗ್ಗೆ ಪತ್ರಗಳು ಹೆಚ್ಚಾಗಿವೆ. ಮುಕ್ಕಾಲು ಪಾಲು ಅಂಡಮಾನಿನ ಬಗ್ಗೆ, ಅದೂ ಮಕ್ಕಳಿರುವ ಮನೆಗಳಿಂದ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ನಮಗೆ 5 ಮತ್ತು 11 ವರ್ಷದ ಇಬ್ಬರು ಮಕ್ಕಳು. ದಸರಾ ರಜೆಯಲ್ಲಿ ಹೋಗುವುದು ಒಳ್ಳೆಯದೋ, ಬೇಸಿಗೆ ರಜೆಯಲ್ಲೋ? ಟ್ರಾವೆಲ್ಸ್‌ನವರು ಐದು ರಾತ್ರಿಗೆ ಒಂಬತ್ತು ಜಾಗ ತೋರಿಸುತ್ತೇವೆ ಅನ್ನುತ್ತಾರೆ. — ಗೃಹಿಣಿ, ಹುಬ್ಬಳ್ಳಿ

ಬೇಸಿಗೆ ರಜೆಯೇ ಸರಿ. ಏಪ್ರಿಲ್ ಎರಡನೇ ವಾರದಿಂದ ಮೇ ಮೊದಲ ವಾರದೊಳಗೆ ಹೋಗಿ ಬಂದುಬಿಡಿ. ಮುಂಗಾರು ಕೇರಳಕ್ಕೆ ಬರುವ ಮೊದಲೇ ಅಂಡಮಾನ್ ಮುಟ್ಟುತ್ತದೆ. ಮೇ ಮೂರನೇ ವಾರದ ಹೊತ್ತಿಗೆ ಅಲ್ಲಿ ಮೋಡ ಕವಿದು ಸಮುದ್ರ ಏಳಲು ಶುರುವಾಗಿರುತ್ತದೆ. ಅಕ್ಟೋಬರ್, ನವೆಂಬರ್ ಎಂದರೆ ಬಂಗಾಳ ಕೊಲ್ಲಿಯ ಚಂಡಮಾರುತದ ತಿಂಗಳು. ಹಾಗೆಂದು ದಸರಾ ರಜೆಯಲ್ಲಿ ಹೋದವರೆಲ್ಲ ತೊಂದರೆಗೆ ಸಿಕ್ಕುತ್ತಾರೆ ಎಂದಲ್ಲ; ಆದರೆ ಒಂದು ದಿನ ಫೆರಿ ನಿಂತರೂ ನಿಮ್ಮ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ನೀವು ಹ್ಯಾವ್‌ಲಾಕ್ ದ್ವೀಪದಲ್ಲಿ, ವಿಮಾನ ರಾಜಧಾನಿ ಪೋರ್ಟ್ ಬ್ಲೇರ್‌ನಲ್ಲಿ! ಏಪ್ರಿಲ್‌ನಲ್ಲಿ ಬೆವರಿನ ಕಾಟ ಜಾಸ್ತಿ, ಆದರೆ ಸಮುದ್ರ ಶಾಂತ, ನೀರು ತಿಳಿ. ಮಕ್ಕಳಿಗೆ ಬೇಕಾದದ್ದು ಅದೇ.

ಒಂಬತ್ತು ಜಾಗದ ಪಟ್ಟಿಯನ್ನು ಮರೆತುಬಿಡಿ. ಅದರಲ್ಲಿ ಅರ್ಧ ಹೊತ್ತು ಜೆಟ್ಟಿಯ ಸಾಲಿನಲ್ಲೇ ಕಳೆಯುತ್ತದೆ. ಆರು ರಾತ್ರಿ ಇಟ್ಟುಕೊಳ್ಳಿ: ಪೋರ್ಟ್ ಬ್ಲೇರ್‌ನಲ್ಲಿ ಒಂದು, ಹ್ಯಾವ್‌ಲಾಕ್‌ನಲ್ಲಿ ಎರಡು, ನೀಲ್‌ನಲ್ಲಿ ಎರಡು, ಕೊನೆಯದು ಮತ್ತೆ ಪೋರ್ಟ್ ಬ್ಲೇರ್‌ನಲ್ಲಿ. ಕೊನೆಯ ರಾತ್ರಿ ಅಲ್ಲಿರುವುದು ಕಡ್ಡಾಯ ಎಂದೇ ತಿಳಿಯಿರಿ. ದ್ವೀಪದಿಂದ ಬೆಳಗಿನ ಫೆರಿಯಲ್ಲಿ ಬಂದು ಮಧ್ಯಾಹ್ನದ ವಿಮಾನ ಹಿಡಿಯುವ ಯೋಜನೆಗೆ ಒಪ್ಪಬೇಡಿ. ಹೆಚ್ಚಿನ ಪ್ಯಾಕೇಜುಗಳು ನೀಲ್ ದ್ವೀಪವನ್ನು ಬೆಳಿಗ್ಗೆ ಹೋಗಿ ಸಂಜೆ ಬರುವ ಜಾಗ ಮಾಡಿವೆ. ಮಕ್ಕಳಿರುವವರಿಗೆ ನಮ್ಮ ಸಲಹೆ ತದ್ವಿರುದ್ಧ. ಚಿಕ್ಕ ದ್ವೀಪ, ವಾಹನ ಕಡಿಮೆ, ಕಡಲ ಜೀವಿಗಳು ದಡದಲ್ಲೇ ಸಿಗುತ್ತವೆ. ಒಂದು ರಾತ್ರಿ ಕಡಿತ ಮಾಡಲೇಬೇಕಾದರೆ ಹ್ಯಾವ್‌ಲಾಕ್‌ನಲ್ಲಿ ಮಾಡಿ.

ಹೆಸರುಗಳಲ್ಲಿ ಗೊಂದಲ ಬೇಡ. 2018ರ ಡಿಸೆಂಬರ್‌ನಲ್ಲಿ ಹ್ಯಾವ್‌ಲಾಕ್ ಸ್ವರಾಜ್ ದ್ವೀಪವಾಯಿತು, ನೀಲ್ ಶಹೀದ್ ದ್ವೀಪವಾಯಿತು, ರಾಸ್ ದ್ವೀಪಕ್ಕೆ ನೇತಾಜಿ ಸುಭಾಷ್‌ಚಂದ್ರ ಬೋಸರ ಹೆಸರು ಬಂತು. 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯಿತು. ಟಿಕೆಟ್ಟಿನಲ್ಲಿ ಹೊಸದು, ಆಟೋದವರ ಬಾಯಲ್ಲಿ ಹಳೆಯದು.

ಇನ್ನೊಂದು ವಿಷಯವನ್ನು ಪ್ಯಾಕೇಜಿನವರು ಹೇಳುವುದಿಲ್ಲ. ಅಂಡಮಾನ್ ನಮಗಿಂತ ಬಹಳ ಪೂರ್ವಕ್ಕಿದೆ, ಗಡಿಯಾರ ಮಾತ್ರ ಒಂದೇ. ಹಾಗಾಗಿ ಅಲ್ಲಿ ಹೊತ್ತು ಹುಟ್ಟುವುದೂ ಮುಳುಗುವುದೂ ಬೆಂಗಳೂರಿಗಿಂತ ಹೆಚ್ಚುಕಡಿಮೆ ಒಂದು ಗಂಟೆ ಮುಂಚೆ. ಏಪ್ರಿಲ್ ನಡುವಿನಲ್ಲಿ ಬೆಳಿಗ್ಗೆ ಐದೂಕಾಲಿಗೆಲ್ಲ ಸೂರ್ಯ ಬಂದಿರುತ್ತಾನೆ, ಸಂಜೆ ಐದೂವರೆಗೆ ಮುಳುಗುತ್ತಾನೆ. ಡಿಸೆಂಬರ್‌ನಲ್ಲಿ ಐದಕ್ಕೇ ಕತ್ತಲು. ಊರಿನ ಅಭ್ಯಾಸದಂತೆ ಒಂಬತ್ತಕ್ಕೆ ತಿಂಡಿ ತಿಂದು ಹೊರಟರೆ ದಿನದ ಒಳ್ಳೆಯ ನಾಲ್ಕು ಗಂಟೆ ಆಗಲೇ ಹೋಗಿರುತ್ತದೆ. ಮೊದಲ ದಿನದಿಂದಲೇ ಮಕ್ಕಳನ್ನು ಎಂಟಕ್ಕೆ ಮಲಗಿಸಿ, ಐದಕ್ಕೆ ಎಬ್ಬಿಸಿ. ಹನ್ನೊಂದರಿಂದ ಮೂರರವರೆಗೆ ರೂಮಿನಲ್ಲಿ ಊಟ, ನಿದ್ದೆ.

ಒಂಬತ್ತು ವರ್ಷದ ಮಗನಿಗೆ ಪ್ರಾಣಿಗಳೆಂದರೆ ಹುಚ್ಚು. ಬಂಡೀಪುರ, ಕಬಿನಿ ನೋಡಿದ್ದಾನೆ. ಅಂಡಮಾನ್ ಕಾಡಿನಲ್ಲಿ ಏನೇನು ಕಾಣಬಹುದು? — ದಾವಣಗೆರೆಯಿಂದ

ಕಬಿನಿಯಲ್ಲಿ ಕಂಡ ದೊಡ್ಡ ಪ್ರಾಣಿ ಯಾವುದೂ ಅಲ್ಲಿ ಮೂಲದಿಂದ ಇಲ್ಲ. ಇದನ್ನು ಮೊದಲೇ ಹೇಳಿ ಕರೆದೊಯ್ದರೆ ನಿರಾಸೆಯಾಗುವುದಿಲ್ಲ. ಹುಲಿ, ಚಿರತೆ, ಕರಡಿ, ನರಿ ಯಾವುದೂ ಅಲ್ಲಿಗೆ ಸಮುದ್ರ ದಾಟಿ ಬರಲಿಲ್ಲ. ಬಹಳ ಹಿಂದಿನಿಂದ ಇರುವ ಸಸ್ತನಿಗಳೆಂದರೆ ಬಾವಲಿ, ಇಲಿ, ಮೂಗಿಲಿ, ಕಾಡುಹಂದಿ, ಪುನುಗು ಬೆಕ್ಕು, ಇಷ್ಟೇ ಎನ್ನಬಹುದು. ರಾಸ್ ದ್ವೀಪದಲ್ಲಿ ಪಾಳುಬಿದ್ದ ಕಟ್ಟಡಗಳ ನಡುವೆ ಜಿಂಕೆ, ನವಿಲು ಕೈಗೆಟುಕುವಷ್ಟು ಹತ್ತಿರ ಓಡಾಡುತ್ತವೆ. ಜಿಂಕೆಗಳನ್ನು ಬ್ರಿಟಿಷರು ತಂದು ಬಿಟ್ಟದ್ದು. ಬೇಟೆಯಾಡುವ ಪ್ರಾಣಿ ಇಲ್ಲದ ಕಡೆ ಅವು ಹೆಚ್ಚಿ, ಕಾಡಿನ ಎಳೆ ಸಸಿಗಳನ್ನು ಮೇಯ್ದುಬಿಡುತ್ತವೆ. ಇಂಟರ್‌ವ್ಯೂ ಎಂಬ ದ್ವೀಪದಲ್ಲಿ ಮರ ಎಳೆಯಲು ತಂದ ಆನೆಗಳ ಸಂತತಿ ಕಾಡಾನೆಗಳಾಗಿ ಉಳಿದಿದೆ, ಆದರೆ ಪ್ರವಾಸಿಗರು ಸಾಮಾನ್ಯವಾಗಿ ಅಲ್ಲಿಗೆ ಹೋಗುವುದಿಲ್ಲ. ಒಂಬತ್ತು ವರ್ಷದವನಿಗೆ ಈ ಕತೆ ಚೆನ್ನಾಗಿ ಅರ್ಥವಾಗುತ್ತದೆ: ಒಂದು ದ್ವೀಪಕ್ಕೆ ಯಾರು ತಾವಾಗಿ ಬಂದರು, ಯಾರನ್ನು ಮನುಷ್ಯ ತಂದ.

ಅಂಡಮಾನಿನ ನಿಜವಾದ ಸಂಪತ್ತು ಎರಡು ಕಡೆ ಇದೆ. ಒಂದು ಹಕ್ಕಿಗಳು. ಅಂಡಮಾನ್ ಸರ್ಪ ಗಿಡುಗ, ಅಂಡಮಾನ್ ಮರಕುಟಿಕ, ಅಂಡಮಾನ್ ಕೆಂಬೂತ ಮುಂತಾದವನ್ನು ಮುಖ್ಯ ನಾಡಿನಲ್ಲಿ ಎಲ್ಲಿ ಹುಡುಕಿದರೂ ಕಾಣಲಾರಿರಿ. ಪೋರ್ಟ್ ಬ್ಲೇರ್‌ನಿಂದ ಸುಮಾರು 25 ಕಿ.ಮೀ. ದೂರದ ಚಿಡಿಯಾ ಟಾಪುವಿಗೆ ಎಲ್ಲರೂ ಸೂರ್ಯಾಸ್ತಕ್ಕೆ ಹೋಗುತ್ತಾರೆ. ನೀವು ಬೆಳಿಗ್ಗೆ ಐದೂವರೆಗೆ ಅಲ್ಲಿರಿ. 8x42 ದುರ್ಬೀನು ಒಂಬತ್ತು ವರ್ಷದವನ ಕೈಗೆ ಭಾರ. 8x30 ಅಥವಾ 8x32 ಸಾಕು.

ಎರಡನೆಯದು ಇಳಿತದ ಹೊತ್ತಿನ ಕಡಲ ದಡ. ಇಡೀ ಪ್ರವಾಸದಲ್ಲಿ ಒಂದೇ ಕೆಲಸ ಮಾಡುವುದಿದ್ದರೆ ಇದನ್ನು ಮಾಡಿ. ನೀಲ್‌ನ ಲಕ್ಷ್ಮಣಪುರ ತೀರದಲ್ಲಿ ಕಲ್ಲಿನ ನೈಸರ್ಗಿಕ ಸೇತುವೆ ಇದೆ, ಎಲ್ಲರೂ ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಂಡು ಹಿಂತಿರುಗುತ್ತಾರೆ. ಅಸಲಿ ವಿಷಯ ಇರುವುದು ಕಾಲ ಕೆಳಗಿನ ಬಂಡೆಯ ಗುಂಡಿಗಳಲ್ಲಿ. ಸಮುದ್ರ ಹಿಂದೆ ಸರಿದಾಗ ಅವುಗಳಲ್ಲಿ ನೀರು ನಿಂತಿರುತ್ತದೆ. ಸಮುದ್ರ ಸೌತೆ, ತೆಳ್ಳನೆಯ ಕೈಗಳ ನಕ್ಷತ್ರಮೀನು, ನೀಲಿ-ಹಸಿರು ತುಟಿಯ ಜೈಂಟ್ ಕ್ಲ್ಯಾಮ್, ಏಡಿ, ಸಣ್ಣ ಹಾವುಮೀನು, ಅದೃಷ್ಟವಿದ್ದರೆ ಬಣ್ಣ ಬದಲಿಸುವ ಆಕ್ಟೋಪಸ್.

ಅದಕ್ಕೆ ಹೊತ್ತು ಗೊತ್ತಿರಬೇಕು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಅವುಗಳ ಹೊತ್ತು ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನ ಎರಡು ಮೂರು ದಿನ ನೀರು ಅತಿ ಹೆಚ್ಚು ಏರಿ ಅತಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುಮಾರಿಗೆ ವ್ಯತ್ಯಾಸ ಕಡಿಮೆ, ಗುಂಡಿಗಳು ಅಷ್ಟಾಗಿ ಬಯಲಾಗುವುದಿಲ್ಲ. ಆದ್ದರಿಂದ ಟಿಕೆಟ್ ತೆಗೆಯುವ ಮೊದಲು ಮನೆಯ ಪಂಚಾಂಗ ತೆರೆಯಿರಿ, ನೀಲ್‌ನ ಎರಡು ದಿನ ಹುಣ್ಣಿಮೆಗೋ ಅಮಾವಾಸ್ಯೆಗೋ ಹತ್ತಿರ ಬರುವಂತೆ ಹೊಂದಿಸಿ. ಗಂಟೆಯ ಲೆಕ್ಕಕ್ಕೆ ಪೋರ್ಟ್ ಬ್ಲೇರ್‌ನ ಉಬ್ಬರವಿಳಿತದ ಕೋಷ್ಟಕ ನೋಡಿ, ಫೋನಿನ ಆ್ಯಪ್‌ಗಳಲ್ಲೂ ಸಿಗುತ್ತದೆ. ಅತಿ ಕಡಿಮೆ ನೀರಿನ ಹೊತ್ತಿಗೆ ಒಂದೂವರೆ ಗಂಟೆ ಮುಂಚೆ ದಡದಲ್ಲಿರಿ, ನೀರು ಏರಲು ಶುರುವಾದೊಡನೆ ಹಿಂತಿರುಗಿ. ಹಿಮ್ಮಡಿಗೆ ಪಟ್ಟಿ ಇರುವ, ಅಡಿ ಹಿಡಿತವಿರುವ ಸ್ಯಾಂಡಲ್ ಬೇಕು. ಹವಾಯಿ ಚಪ್ಪಲಿ ಪಾಚಿಯ ಮೇಲೆ ಜಾರುತ್ತದೆ. ಸ್ಥಳೀಯ ಗೈಡ್‌ಗಳು ಅಲ್ಲೇ ಸಿಗುತ್ತಾರೆ, ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಆದರೆ ಮಕ್ಕಳನ್ನು ಮೆಚ್ಚಿಸಲು ಜೀವಿಗಳನ್ನು ಎತ್ತಿ ಕೈಗಿಡಲು ಬಂದರೆ ಬೇಡ ಅನ್ನಿ. ಜೀವಿಗೂ ಹಿಂಸೆ, ಮಗುವಿಗೂ ಅಪಾಯ. ಚೂಪಾದ ಶಂಖದಂತೆ ಕಾಣುವ ಕೋನ್ ಶಂಖುಗಳು ವಿಷದ ಮುಳ್ಳು ಚುಚ್ಚುತ್ತವೆ.

ಕಾರಿನಲ್ಲಿ ಆಗುಂಬೆ ಘಾಟಿ ಇಳಿಯುವಷ್ಟರಲ್ಲಿ ಮಗಳು ಎರಡು ಸಲ ವಾಂತಿ ಮಾಡುತ್ತಾಳೆ. ಫೆರಿ ತಡೆದುಕೊಳ್ಳುತ್ತಾಳಾ? — ತೀರ್ಥಹಳ್ಳಿಯಿಂದ

ಏಪ್ರಿಲ್‌ನ ಸಮುದ್ರದಲ್ಲಿ ಬಹುತೇಕ ಮಕ್ಕಳು ತಡೆದುಕೊಳ್ಳುತ್ತಾರೆ. ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್‌ಗೆ ಖಾಸಗಿ ಫೆರಿ ಒಂದೂವರೆಯಿಂದ ಎರಡು ಗಂಟೆ, ಹ್ಯಾವ್‌ಲಾಕ್‌ನಿಂದ ನೀಲ್‌ಗೆ ಸುಮಾರು ಒಂದು ಗಂಟೆ. ಬೆಳಗಿನ ಮೊದಲ ಫೆರಿ ಹಿಡಿಯಿರಿ, ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ. ಸೀಟು ಕೆಳಗಿನ ಅಂತಸ್ತಿನಲ್ಲಿ, ದೋಣಿಯ ನಡುವೆ ಅಥವಾ ಹಿಂಭಾಗದಲ್ಲಿ ಇರಲಿ. ಹೆಚ್ಚು ಹಣ ಕೊಟ್ಟು ಮೇಲಿನ ದರ್ಜೆಯ ಮುಂದಿನ ಸೀಟು ತೆಗೆದವರಿಗೇ ಕುಲುಕಾಟ ಜಾಸ್ತಿ. ಹೊರಡುವ ಒಂದು ಗಂಟೆ ಮುಂಚೆ ಎರಡು ಇಡ್ಲಿ ಅಥವಾ ಒಣ ಅವಲಕ್ಕಿ ಕೊಡಿ. ಖಾಲಿ ಹೊಟ್ಟೆಯೂ ಬೇಡ, ಪೂರಿ-ಸಾಗು, ಹಾಲು ಬೇಡವೇ ಬೇಡ. ಫೋನ್ ನೋಡಲು ಬಿಡಬೇಡಿ, ದೂರದ ದಿಗಂತ ನೋಡಲು ಹೇಳಿ.

ವಾಂತಿ ತಡೆಯುವ ಮಾತ್ರೆಯನ್ನು ಮಗುವಿನ ತೂಕ ಹೇಳಿ ಮಕ್ಕಳ ವೈದ್ಯರಿಂದ ಬರೆಸಿಕೊಳ್ಳಿ. ವಾಂತಿ ಶುರುವಾದ ಮೇಲೆ ಕೊಟ್ಟ ಮಾತ್ರೆ ಹೊರಗೇ ಬರುತ್ತದೆ. ಅರ್ಧದಿಂದ ಒಂದು ಗಂಟೆ ಮೊದಲು ಕೊಡಬೇಕು. ಪ್ರೊಮೆಥಜೀನ್ ಇರುವ ಔಷಧಿಯನ್ನು ಎರಡು ವರ್ಷದೊಳಗಿನವರಿಗೆ ಕೊಡಲೇಬಾರದು. ಊರಲ್ಲಿದ್ದಾಗಲೇ ಒಮ್ಮೆ ಘಾಟಿ ಪ್ರಯಾಣದಲ್ಲಿ ಕೊಟ್ಟು ನೋಡಿ, ಕೆಲವು ಮಕ್ಕಳಿಗೆ ಇಡೀ ದಿನ ತೂಕಡಿಕೆ ಬರುತ್ತದೆ.

ಫೆರಿಗೆ ಮಕ್ಕಳ ಗುರುತಿನ ಚೀಟಿಯೂ ಬೇಕು. ಆಧಾರ್ ಪ್ರತಿ ಕೈಚೀಲದಲ್ಲೇ ಇರಲಿ. ಯಾವ ಜೆಟ್ಟಿ ಎಂದು ಟಿಕೆಟ್ಟಿನಲ್ಲಿ ಓದಿಕೊಳ್ಳಿ. ಪೋರ್ಟ್ ಬ್ಲೇರ್‌ನಲ್ಲಿ ಒಂದಕ್ಕಿಂತ ಹೆಚ್ಚು ಇವೆ.

ಮಗಳಿಗೆ 7, ಈಜು ಬರುತ್ತದೆ. ಮಗನಿಗೆ 12, ಸ್ಕೂಬಾ ಮಾಡಬೇಕಂತೆ. ಯಾವ ವಯಸ್ಸಿಗೆ ಏನು ಮಾಡಿಸಬಹುದು? — ಮಂಗಳೂರಿನಿಂದ

ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ನೀರಿನೊಳಗೆ ಇಳಿಯುವ ಸ್ಕೂಬಾಕ್ಕೆ ಸಾಮಾನ್ಯ ಕನಿಷ್ಠ ವಯಸ್ಸು 10. ಆದರೆ ವಯಸ್ಸು ಒಂದೇ ಲೆಕ್ಕವಲ್ಲ. ಅಸ್ತಮಾ, ಪದೇ ಪದೇ ಕಿವಿ ಸೋರುವುದು, ಆ ವಾರದ ನೆಗಡಿ — ಇವುಗಳಲ್ಲಿ ಯಾವುದಿದ್ದರೂ ಬೇಡ. ನೆಗಡಿಯಲ್ಲಿ ಕಿವಿಯ ಒಳಗಿನ ಒತ್ತಡ ಸರಿದೂಗುವುದಿಲ್ಲ, ಎರಡು ಮೂರು ಮೀಟರ್ ಇಳಿಯುವಷ್ಟರಲ್ಲೇ ನೋವು ಶುರುವಾಗುತ್ತದೆ, ಹಟ ಹಿಡಿದು ಇಳಿದರೆ ಕಿವಿ ತಮಟೆಗೇ ಪೆಟ್ಟು. ಆರೋಗ್ಯದ ಫಾರಂನಲ್ಲಿ ಎಲ್ಲದಕ್ಕೂ 'ಇಲ್ಲ' ಎಂದು ಗೀಚಿ ಸಹಿ ಹಾಕಬೇಡಿ. ಒಬ್ಬ ಬೋಧಕರಿಗೆ ಒಂದೇ ಮಗು ಇರಬೇಕು, ಮೊದಲು ಎದೆಮಟ್ಟದ ನೀರಿನಲ್ಲಿ ಉಸಿರಾಟ ಮತ್ತು ಕೈಸನ್ನೆ ಕಲಿಸಬೇಕು. ಸ್ಕೂಬಾ ಮುಗಿಸಿ ವಿಮಾನ ಹತ್ತಲು ಕನಿಷ್ಠ 18 ಗಂಟೆ ಬಿಡುವು ಇರಲಿ. ಹೀಗಾಗಿ ಅದನ್ನು ಪ್ರವಾಸದ ಕೊನೆಯ ದಿನಕ್ಕೆ ಇಡಬಾರದು.

ಏಳು ವರ್ಷದವಳಿಗೆ ಸ್ನಾರ್ಕೆಲಿಂಗ್ (ನೀರಿನ ಮೇಲೆ ತೇಲುತ್ತ, ಕೊಳವೆಯಲ್ಲಿ ಉಸಿರಾಡುತ್ತ ಕೆಳಗೆ ನೋಡುವುದು) ಧಾರಾಳ ಸಾಕು, ನಿಜ ಹೇಳಬೇಕೆಂದರೆ ಸ್ಕೂಬಾಕ್ಕಿಂತ ಹೆಚ್ಚು ಹೊತ್ತು ಹೆಚ್ಚು ಮೀನು ನೋಡುತ್ತಾಳೆ. ಕೆಡುವುದು ಯಾವಾಗಲೂ ಮಾಸ್ಕ್‌ನಿಂದ. ದೋಣಿಯವರ ಬಳಿ ಇರುವುದು ದೊಡ್ಡವರ ಅಳತೆಯದು. ಮಗುವಿನ ಕೆನ್ನೆಯಲ್ಲಿ ಸಂದು ಬಿದ್ದು ನೀರು ನುಗ್ಗುತ್ತದೆ, ಎರಡು ಸಲ ಮೂಗಿಗೆ ಉಪ್ಪುನೀರು ಹೋದರೆ ಮೂರನೇ ಸಲ ಅವಳು ನೀರಿಗೆ ಇಳಿಯುವುದಿಲ್ಲ. ಸಿಲಿಕಾನ್ ಅಂಚಿನ ಮಕ್ಕಳ ಮಾಸ್ಕ್ ಊರಿನಲ್ಲೇ ಕೊಳ್ಳಿ. ಪರೀಕ್ಷೆ ಸುಲಭ: ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರು ಎಳೆಯಲು ಹೇಳಿ, ಕೈ ಬಿಡಿ. ಬೀಳದೆ ನಿಂತರೆ ಅಳತೆ ಸರಿ. ಮುಂಗೂದಲು ಅಂಚಿನೊಳಗೆ ಸಿಕ್ಕಿದ್ದರೆ ಎಷ್ಟು ಒಳ್ಳೆಯ ಮಾಸ್ಕ್ ಆದರೂ ಸೋರುತ್ತದೆ. ಪಟ್ಟಿಯನ್ನು ಬಿಗಿದು ಕಟ್ಟಿದರೆ ಸೋರಿಕೆ ನಿಲ್ಲುವ ಬದಲು ಹೆಚ್ಚುತ್ತದೆ, ಅಂಚು ಮಡಚಿಕೊಳ್ಳುವುದರಿಂದ. ಗಾಜು ಮಂಜಾಗದಂತೆ ಒಂದು ಹನಿ ಬೇಬಿ ಶಾಂಪೂ ಸವರಿ ತೊಳೆಯಿರಿ. ಇಡೀ ಮುಖ ಮುಚ್ಚುವ ಮಾಸ್ಕ್ ಮಕ್ಕಳಿಗೆ ಬೇಡ. ಒಳಗೆ ಬಿಟ್ಟ ಗಾಳಿಯನ್ನೇ ಮತ್ತೆ ಉಸಿರಾಡುವ ಸಾಧ್ಯತೆ ಇದೆ, ಹೆದರಿದಾಗ ತಟ್ಟನೆ ಕಿತ್ತೆಸೆಯಲೂ ಆಗದು. ಹೊರಡುವ ಮೊದಲು ನಿಮ್ಮೂರಿನ ಈಜುಕೊಳದಲ್ಲಿ ಮೂರು ನಾಲ್ಕು ದಿನ ಅಭ್ಯಾಸವಾಗಲಿ.

ಈಜು ಬಂದರೂ ಲೈಫ್ ಜಾಕೆಟ್ ಬೇಕೇ ಬೇಕು. ಹಾಕಿ, ಬಕಲ್ ಬಿಗಿದು, ಹೆಗಲ ಬಳಿ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಗಲ್ಲ, ಕಿವಿ ದಾಟಿ ಜಾರಿದರೆ ಅದು ಅವಳ ಅಳತೆಯಲ್ಲ. ಉದ್ದ ತೋಳಿನ ಈಜುಡುಗೆ ಹಾಕಿದರೆ ಬೆನ್ನಿಗೆ ಸನ್‌ಸ್ಕ್ರೀನ್ ಬಳಿಯುವ ಪಾಡು ತಪ್ಪುತ್ತದೆ. ಮುಖ, ಕುತ್ತಿಗೆಗೆ ಜಿಂಕ್ ಆಕ್ಸೈಡ್ ಇರುವುದು ಸಾಕು. ಹವಳದ ಮೇಲೆ ನಿಲ್ಲುವುದು, ಕಾಲಲ್ಲಿ ಒದೆಯುವುದು ಕೂಡದು ಎಂದು ದಡದಲ್ಲೇ ಹೇಳಿಕೊಡಿ. ಸುಸ್ತಾದರೆ ಬೆನ್ನ ಮೇಲೆ ತೇಲುವುದು ಕಲಿತಿರಲಿ.

ಜಾಗದ ವಿಷಯ: ಹ್ಯಾವ್‌ಲಾಕ್‌ನ ಎಲಿಫೆಂಟ್ ಬೀಚ್‌ಗೆ ಮೊದಲ ದೋಣಿಯಲ್ಲೇ ಹೋಗಿ, ಹತ್ತು ಗಂಟೆಯ ನಂತರ ಅದು ಜಾತ್ರೆ. ಪೋರ್ಟ್ ಬ್ಲೇರ್ ಬಳಿಯ ಜಾಲಿಬಾಯ್ ಇದಕ್ಕಿಂತ ಶಾಂತ. 1983ರಲ್ಲಿ ಘೋಷಣೆಯಾದ ಮಹಾತ್ಮ ಗಾಂಧಿ ಕಡಲ ರಾಷ್ಟ್ರೀಯ ಉದ್ಯಾನದ ದ್ವೀಪ ಅದು. ದೋಣಿ ವಂಡೂರಿನಿಂದ, ಅರಣ್ಯ ಇಲಾಖೆಯ ಅನುಮತಿ ಬೇಕು, ಸೋಮವಾರ ರಜೆ. ಮಳೆಗಾಲದಲ್ಲಿ ಜಾಲಿಬಾಯ್ ಮುಚ್ಚಿ ಅದರ ಬದಲು ರೆಡ್‌ಸ್ಕಿನ್ ದ್ವೀಪ ತೆರೆಯುತ್ತಾರೆ. ಪ್ಲಾಸ್ಟಿಕ್ ಒಯ್ಯುವಂತಿಲ್ಲ, ಚಿಪ್ಸ್ ಪೊಟ್ಟಣವೂ ಪ್ಲಾಸ್ಟಿಕ್ಕೇ. ಸ್ಟೀಲ್ ಬಾಟಲಿ, ಸ್ಟೀಲ್ ಡಬ್ಬಿಯಲ್ಲಿ ಚಿತ್ರಾನ್ನ ತೆಗೆದುಕೊಂಡು ಹೋಗಿ, ದ್ವೀಪದಲ್ಲಿ ಊಟ ಸಿಗುವುದಿಲ್ಲ. ನೀರಿಗಿಳಿಯದ ಅಜ್ಜ-ಅಜ್ಜಿಗೆ ಗಾಜಿನ ತಳದ ದೋಣಿ ಇದೆ.

ಅಂಡಮಾನಿನಲ್ಲಿ ಮೊಸಳೆ ಕಾಟ ಇದೆಯಂತೆ, ಮೊಮ್ಮಕ್ಕಳನ್ನು ಕಳಿಸಲು ಭಯ. — ಅಜ್ಜಿ, ಮೈಸೂರು

ಇದೆ, ಭಯದಲ್ಲಿ ಅರ್ಥವೂ ಇದೆ. ಉಪ್ಪುನೀರಿನ ಮೊಸಳೆ ನಮ್ಮ ರಂಗನತಿಟ್ಟಿನ ಮೊಸಳೆಗಿಂತ ಬಹಳ ದೊಡ್ಡದು, ಸಮುದ್ರದಲ್ಲೂ ಈಜುತ್ತದೆ. 2010ರಲ್ಲಿ ಹ್ಯಾವ್‌ಲಾಕ್‌ನ ರಾಧಾನಗರ ತೀರದ ಪಕ್ಕದ ಕೊಲ್ಲಿಯಲ್ಲಿ ಸ್ನಾರ್ಕೆಲಿಂಗ್ ಮಾಡುತ್ತಿದ್ದ ವಿದೇಶಿ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ಹೀಗಾಗುವುದು ಅಪರೂಪ, ಆದರೆ ನಿಯಮ ಪಾಲಿಸುವುದು ಕಷ್ಟವೇನಲ್ಲ ಅಮ್ಮ. ಎಚ್ಚರಿಕೆಯ ಫಲಕ ಇರುವಲ್ಲಿ ಮೊಣಕಾಲುದ್ದ ನೀರಿಗೂ ಇಳಿಯಬಾರದು. ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಇರುವ ಕಡೆ, ಹೊಳೆ ಸಮುದ್ರ ಸೇರುವ ಕಡೆ ಸ್ನಾನ ಬೇಡ. ಮುಂಜಾವು, ಮುಸ್ಸಂಜೆ ನೀರಿನಲ್ಲಿರಬಾರದು. ಕೆಲವು ತೀರಗಳಲ್ಲಿ ಬಲೆ ಕಟ್ಟಿದ ಸ್ನಾನದ ಜಾಗವಿದೆ, ಅದರೊಳಗೇ ಆಡಲಿ. ರಾಧಾನಗರದಲ್ಲಿ ಲೈಫ್‌ಗಾರ್ಡ್ ಇರುವ ಭಾಗ ಬಿಟ್ಟು ಏಕಾಂತ ಹುಡುಕಿಕೊಂಡು ದೂರ ಹೋಗುವುದು ಬೇಡ.

ಶಾಲೆಯ ಪ್ರಾಜೆಕ್ಟ್‌ಗೆ ಹವಳದ ತುಂಡು, ಚಿಪ್ಪು ತರಬಹುದೇ? ಸತ್ತದ್ದಾದರೆ ಪರವಾಗಿಲ್ಲವೇ? — ಶಿಕ್ಷಕಿ, ತುಮಕೂರು

ತರುವಂತಿಲ್ಲ, ಸತ್ತದ್ದೂ ಸೇರಿದಂತೆ. ಹವಳವು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಚ್ಛೇದದಲ್ಲಿದೆ, ಹುಲಿಗೆ ಇರುವಷ್ಟೇ ರಕ್ಷಣೆ. ಹಲವು ಜಾತಿಯ ಚಿಪ್ಪುಗಳೂ ಕಾಯ್ದೆಯೊಳಗೆ ಬರುತ್ತವೆ. ವಿಮಾನ ನಿಲ್ದಾಣದ ಸ್ಕ್ಯಾನರ್‌ನಲ್ಲಿ ಅವು ಸ್ಪಷ್ಟವಾಗಿ ಕಾಣುತ್ತವೆ, ಕಿತ್ತುಕೊಳ್ಳುತ್ತಾರೆ, ಕೇಸೂ ಆಗಬಹುದು. ದಡದಲ್ಲಿ ಬಿದ್ದ ಖಾಲಿ ಶಂಖು ನಾಳೆ ಒಂದು ಸನ್ಯಾಸಿ ಏಡಿಯ ಮನೆ. ಕೊಳ್ಳಲೇಬೇಕೆಂದರೆ ಪೋರ್ಟ್ ಬ್ಲೇರ್‌ನ ಸರ್ಕಾರಿ ಮಳಿಗೆ ಸಾಗರಿಕಾದಲ್ಲಿ ರಸೀದಿ ಸಮೇತ ಕೊಳ್ಳಿ, ರಸೀದಿಯನ್ನು ಮನೆ ತಲುಪುವವರೆಗೂ ಬಿಸಾಡಬೇಡಿ. ಪ್ರಾಜೆಕ್ಟ್‌ಗೆ ಇನ್ನೂ ಒಳ್ಳೆಯದು: ಪ್ರತಿ ಚಿಪ್ಪಿನ ಪಕ್ಕ ಸ್ಕೇಲ್ ಇಟ್ಟು ಫೋಟೊ, ಅದರ ಕೆಳಗೆ ತೀರದ ಹೆಸರು, ತಿಥಿ, ಇಳಿತದ ಸಮಯ.

ಬಾರಾಟಾಂಗ್‌ಗೆ ಹೋದರೆ ದಾರಿಯಲ್ಲಿ ಜಾರವ ಬುಡಕಟ್ಟಿನವರು ಕಾಣುತ್ತಾರಂತೆ. ಮಕ್ಕಳಿಗೆ ತೋರಿಸಬಹುದೇ? — ಬೆಂಗಳೂರಿನಿಂದ

ಜನರನ್ನು ನೋಡಲೆಂದು ಹೋಗುವ ದಾರಿ ಅದಲ್ಲ. ಆ ರಸ್ತೆ ಜಾರವರ ಮೀಸಲು ಕಾಡನ್ನು ಸೀಳಿ ಹೋಗುತ್ತದೆ. ಜಿರ್ಕಾಟಾಂಗ್ ಎಂಬಲ್ಲಿಂದ ವಾಹನಗಳನ್ನು ನಿಗದಿತ ಹೊತ್ತಿಗೆ ಸಾಲಾಗಿ ಬಿಡುತ್ತಾರೆ; ನಿಲ್ಲಿಸುವುದು, ಫೋಟೊ ತೆಗೆಯುವುದು, ತಿಂಡಿ ಎಸೆಯುವುದು 1956ರ ಆದಿವಾಸಿ ಸಂರಕ್ಷಣಾ ನಿಯಮಾವಳಿಯಡಿ ಶಿಕ್ಷಾರ್ಹ. 1999ರಲ್ಲಿ ಜಾರವರಲ್ಲಿ ದಡಾರ ಹಬ್ಬಿತ್ತು. ಹೊರಗಿನ ಕಾಯಿಲೆಗಳಿಗೆ ಅವರ ದೇಹ ಒಗ್ಗಿಲ್ಲ. ಬಾರಾಟಾಂಗ್‌ನ ಸುಣ್ಣಕಲ್ಲಿನ ಗುಹೆ, ಕಾಂಡ್ಲಾ ಕಾಡಿನ ದೋಣಿದಾರಿ ಚೆನ್ನಾಗಿವೆ ನಿಜ, ಆದರೆ ಅದಕ್ಕಾಗಿ ಬೆಳಗಿನ ಜಾವ ಮೂರೂವರೆಗೆ ಮಕ್ಕಳನ್ನು ಎಬ್ಬಿಸಿ, ದಿನವಿಡೀ ವಾಹನದಲ್ಲಿ ಕೂರಿಸಬೇಕು. ಹತ್ತು ವರ್ಷದೊಳಗಿನವರಿದ್ದರೆ ನಾವು ಬಿಟ್ಟುಬಿಡಿ ಅನ್ನುತ್ತೇವೆ. ಕಾಂಡ್ಲಾ ಕಾಡು ಹ್ಯಾವ್‌ಲಾಕ್‌ನಲ್ಲೂ ಇದೆ, ಅನುಭವಿ ಗೈಡ್ ಜೊತೆ ಹಗಲಿನಲ್ಲಿ ಕಯಾಕ್‌ನಲ್ಲಿ ಕೂತು ನೋಡಬಹುದು.

ಒಂದೂವರೆ ವರ್ಷದ ಮಗು ಇದೆ. ಸಸ್ಯಾಹಾರಿಗಳು. ಊಟ, ಔಷಧಿ, ಸೊಳ್ಳೆ? — ಕಲಬುರಗಿಯಿಂದ

ಊಟಕ್ಕೆ ತೊಂದರೆ ಇಲ್ಲ. ಪೋರ್ಟ್ ಬ್ಲೇರ್‌ನಲ್ಲಿ ಇಡ್ಲಿ, ದೋಸೆ ಧಾರಾಳ. ದ್ವೀಪಗಳಲ್ಲಿ ಅನ್ನ, ಬೇಳೆ, ಪಲ್ಯ ಸಿಗುತ್ತದೆ, ಮೊಸರು ಮಾತ್ರ ಕೇಳಿ ಇಟ್ಟುಕೊಳ್ಳಬೇಕು. ರಾಗಿ ಹುರಿಹಿಟ್ಟು, ಚಟ್ನಿಪುಡಿ, ಓಆರ್‌ಎಸ್ ಪೊಟ್ಟಣ ಊರಿನಿಂದಲೇ ಬರಲಿ. ದೊಡ್ಡ ಆಸ್ಪತ್ರೆ ಇರುವುದು ಪೋರ್ಟ್ ಬ್ಲೇರ್‌ನಲ್ಲಿ, ದ್ವೀಪಗಳಲ್ಲಿ ಆರೋಗ್ಯ ಕೇಂದ್ರ ಮಟ್ಟದ್ದು. ಆದ್ದರಿಂದ ಜ್ವರದ ಔಷಧಿ, ಅಳತೆಯ ಸಿರಿಂಜ್, ಥರ್ಮಾಮೀಟರ್ ಜೊತೆಗಿರಲಿ. ಮೊಬೈಲ್ ಸಿಗ್ನಲ್ ಕೈಕೊಡುವುದರಿಂದ ಯುಪಿಐ ನಂಬಿ ಬರಿಗೈಯಲ್ಲಿ ಹೋಗಬೇಡಿ.

ಸೊಳ್ಳೆಗಿಂತ ಹೆಚ್ಚು ಗೋಳು ಹೊಯ್ದುಕೊಳ್ಳುವುದು ಸ್ಯಾಂಡ್‌ಫ್ಲೈ. ಕಣ್ಣಿಗೆ ಕಾಣದಷ್ಟು ಸಣ್ಣದು, ಕಚ್ಚಿದಾಗ ಗೊತ್ತಾಗುವುದಿಲ್ಲ, ಮರುದಿನ ಕೆಂಪು ಗುಳ್ಳೆಯೆದ್ದು ವಾರಗಟ್ಟಲೆ ತುರಿಕೆ. ಮುಂಜಾನೆ, ಸಂಜೆ, ಒದ್ದೆ ಮರಳಿನ ಹತ್ತಿರ ಜಾಸ್ತಿ. ಮಗುವನ್ನು ಮರಳಿನ ಮೇಲೆ ಬರಿಮೈಯಲ್ಲಿ ಕೂರಿಸದೆ ದಪ್ಪ ಚಾಪೆ ಹಾಕಿ, ತುಂಬು ತೋಳು, ಪೂರ್ತಿ ಪ್ಯಾಂಟು ತೊಡಿಸಿ, ಬಯಲಾದ ಕಡೆ ಕೊಬ್ಬರಿ ಎಣ್ಣೆ ದಪ್ಪಗೆ ಬಳಿಯಿರಿ. ಎಣ್ಣೆಯಲ್ಲಿ ಅದು ಅಂಟಿಕೊಳ್ಳುತ್ತದೆ. ಉಗುರು ಕತ್ತರಿಸಿಡಿ, ಕೆರೆದ ಗಾಯ ಉಪ್ಪುನೀರು ತಾಗಿ ಕೀವಾಗುವುದೇ ಹೆಚ್ಚು. ಕ್ಯಾಲಮೈನ್ ಲೋಷನ್ ಸಾಕು, ಅಲರ್ಜಿ ಸಿರಪ್ ಬೇಕೇ ಎಂದು ವೈದ್ಯರನ್ನು ಮೊದಲೇ ಕೇಳಿ.

ಸೀ ಅರ್ಚಿನ್ ಎಂಬ ಮುಳ್ಳಿನ ಚೆಂಡು ತುಳಿದರೆ ಕಾಣುವ ಮುಳ್ಳು ತೆಗೆದು, ದೊಡ್ಡವರು ಕೈಯಿಟ್ಟು ಸಹಿಸುವಷ್ಟು ಬಿಸಿನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಕಾಲಿಡಿಸಿ. ಜೆಲ್ಲಿಮೀನು ತಾಗಿದರೆ ಸಿಹಿನೀರಿನಲ್ಲಿ ತೊಳೆಯಬೇಡಿ, ಉಜ್ಜಲೂ ಬೇಡಿ. ಸಮುದ್ರದ ನೀರನ್ನೇ ಸುರಿದು, ಬಟ್ಟೆ ಸುತ್ತಿದ ಕೈಯಿಂದ ಎಳೆಗಳನ್ನು ಬಿಡಿಸಿ ವೈದ್ಯರ ಹತ್ತಿರ ಹೋಗಿ.

ಕಡಲಾಮೆ ಮೊಟ್ಟೆ ಇಡುವುದನ್ನು ಮಗಳಿಗೆ ತೋರಿಸಬೇಕು. ಅಂಡಮಾನಿನಲ್ಲಿ ಎಲ್ಲಿ? — ಕುಂದಾಪುರದಿಂದ

ಅಂಡಮಾನ್-ನಿಕೋಬಾರ್ ತೀರಗಳಲ್ಲಿ ನಾಲ್ಕು ಜಾತಿಯ ಕಡಲಾಮೆಗಳು ಮೊಟ್ಟೆ ಇಡುತ್ತವೆ, ಭಾರಿ ಗಾತ್ರದ ಲೆದರ್‌ಬ್ಯಾಕ್ ಕೂಡ. ಪ್ರವಾಸಿಗರು ಹೋಗಬಹುದಾದ ಪ್ರಸಿದ್ಧ ತೀರ ಉತ್ತರ ಅಂಡಮಾನಿನ ಡಿಗ್ಲಿಪುರದ ಬಳಿಯ ಕಾಲಿಪುರ. ಪೋರ್ಟ್ ಬ್ಲೇರ್‌ನಿಂದ ರಸ್ತೆಯಲ್ಲಿ ಇಡೀ ದಿನ ಬೇಕು, ಕಾಲ ಡಿಸೆಂಬರ್‌ನಿಂದ ಫೆಬ್ರವರಿ, ಅಂದರೆ ಶಾಲೆಯ ನಡುವೆ. ನಿಮ್ಮೂರಿನ ಕೋಡಿ ತೀರದಲ್ಲೇ ಆಲಿವ್ ರಿಡ್ಲಿ ಆಮೆಗಳು ಬರುವಾಗ ಅಷ್ಟು ದೂರ ಯಾಕೆ? ಮರವಂತೆಯಲ್ಲಿ, ಹೊನ್ನಾವರದ ಕಾಸರಕೋಡಿನಲ್ಲೂ ಬರುತ್ತವೆ. ಮೀನುಗಾರರು ಗೂಡು ಕಂಡರೆ ಅರಣ್ಯ ಇಲಾಖೆಗೆ ತಿಳಿಸುತ್ತಾರೆ, ಅವರು ಬೇಲಿ ಕಟ್ಟಿ ಕಾಯುತ್ತಾರೆ. 45ರಿಂದ 60 ದಿನದಲ್ಲಿ ಮರಿಗಳು ಹೊರಬರುತ್ತವೆ. ತಾಯಿ ಆಮೆ ಬರುವುದನ್ನು ಕಾಯುವುದಕ್ಕಿಂತ ಮರಿ ಬಿಡುವ ದಿನವನ್ನು ಇಲಾಖೆಯವರಲ್ಲಿ ಕೇಳಿ ಹೋಗುವುದು ಮಕ್ಕಳಿಗೆ ಒಳ್ಳೆಯದು. ಟಾರ್ಚ್, ಫ್ಲ್ಯಾಶ್ ಬೇಡ, ಮರಿಗಳು ಬೆಳಕಿನತ್ತ ತಿರುಗಿ ದಾರಿ ತಪ್ಪುತ್ತವೆ. ಎತ್ತಿ ನೀರಿಗೆ ಬಿಡುವುದೂ ಬೇಡ, ಮರಳಿನ ಮೇಲೆ ತಾವೇ ನಡೆಯಲಿ. ಮಗಳಿಗೆ ಹೇಳಲು ಒಂದು ಸಂಗತಿ: ಗೂಡಿನ ಮರಳು ಬಿಸಿಯಾಗಿದ್ದರೆ ಹೆಣ್ಣು ಮರಿಗಳು ಹೆಚ್ಚು, ತಂಪಾಗಿದ್ದರೆ ಗಂಡು.

ಅಷ್ಟು ದೂರ ಬೇಡ, ಮುರುಡೇಶ್ವರದ ನೇತ್ರಾಣಿ ಸಾಲದೇ? ಮಕ್ಕಳಿಗೆ 6 ಮತ್ತು 8. — ಶಿರಸಿಯಿಂದ

ಈ ವಯಸ್ಸಿಗೆ ಬೇಡ. ದಡದಿಂದ ಸುಮಾರು 19 ಕಿ.ಮೀ. ತೆರೆದ ಸಮುದ್ರ, ದ್ವೀಪದಲ್ಲಿ ಇಳಿಯಲು ಜೆಟ್ಟಿ ಇಲ್ಲ. ನೀರಿಗಿಳಿಯದವರು ಅಷ್ಟು ಹೊತ್ತೂ ಬಿಸಿಲಲ್ಲಿ ಓಲಾಡುವ ದೋಣಿಯಲ್ಲೇ ಕೂರಬೇಕು. ಹತ್ತು ತುಂಬಲಿ, ಈಜು ಗಟ್ಟಿಯಾಗಲಿ, ಡಿಸೆಂಬರ್-ಜನವರಿಯಲ್ಲಿ ಹೋಗಿ.

ನಾವು ಅಮೆರಿಕದಲ್ಲಿದ್ದೇವೆ. 8 ವರ್ಷದ ಮಗಳ ಜೊತೆ ಗ್ಯಾಲಪಗೋಸ್‌ಗೆ ಹೋಗುವ ಆಸೆ. ಹಡಗಿನ ಪ್ರವಾಸವೇ ಆಗಬೇಕೇ? — ಕ್ಯಾಲಿಫೋರ್ನಿಯಾದಿಂದ

ಆಗಬೇಕೆಂದಿಲ್ಲ. ಈಕ್ವಡಾರ್ ದೇಶದ ಈ ದ್ವೀಪಸಮೂಹದ ಸಾಂತಾಕ್ರೂಸ್, ಸಾನ್ ಕ್ರಿಸ್ಟೋಬಲ್, ಇಸಬೆಲಾ ದ್ವೀಪಗಳಲ್ಲಿ ಊರುಗಳಿವೆ, ಹೋಟೆಲ್‌ಗಳಿವೆ. ಎರಡು ದ್ವೀಪಗಳಲ್ಲಿ ಮೂರು ಮೂರು ರಾತ್ರಿ ಉಳಿದರೆ ಮಗುವಿಗೆ ದಿನವೂ ಗಟ್ಟಿ ನೆಲದ ಮೇಲೆ ನಿದ್ದೆ ಸಿಗುತ್ತದೆ. ಹಡಗಿನವರು ಎಷ್ಟೋ ಕಡೆ ಮಕ್ಕಳಿಗೆ ಕನಿಷ್ಠ ವಯಸ್ಸು ಇಟ್ಟಿರುತ್ತಾರೆ, ಮೊದಲು ಅದನ್ನು ಕೇಳಿ. ದ್ವೀಪದಿಂದ ದ್ವೀಪಕ್ಕೆ ಹೋಗುವ ಸ್ಪೀಡ್ ಬೋಟ್ ಸುಮಾರು ಎರಡು ಗಂಟೆ ಕುಲುಕಿಸುತ್ತದೆ. ತೀರ್ಥಹಳ್ಳಿಯವರಿಗೆ ಹೇಳಿದ್ದೆಲ್ಲ ನಿಮಗೂ ಅನ್ವಯ.

2024ರ ಆಗಸ್ಟ್‌ನಲ್ಲಿ ಗ್ಯಾಲಪಗೋಸ್ ರಾಷ್ಟ್ರೀಯ ಉದ್ಯಾನದ ಪ್ರವೇಶ ಶುಲ್ಕ ದುಪ್ಪಟ್ಟಾಯಿತು: ಹೆಚ್ಚಿನ ವಿದೇಶಿಯರಿಗೆ 200 ಡಾಲರ್, 12 ವರ್ಷದೊಳಗಿನವರಿಗೆ 100. ನಗದು ಇಟ್ಟುಕೊಳ್ಳಿ. ಪಾಸ್‌ಪೋರ್ಟ್ ಭಾರತದ್ದಾದರೆ ಈಕ್ವಡಾರ್ ವೀಸಾ ನಿಯಮವನ್ನು ಟಿಕೆಟ್‌ಗೆ ಮೊದಲೇ ನೋಡಿ. ಬೇಸಿಗೆ ರಜೆಯ ಜೂನ್-ಆಗಸ್ಟ್‌ನಲ್ಲಿ ಭೂಮಧ್ಯರೇಖೆಯ ಮೇಲೆಯೇ ಇದ್ದರೂ ನೀರು ತಣ್ಣಗಿರುತ್ತದೆ, ದಕ್ಷಿಣದಿಂದ ಬರುವ ಹಂಬೋಲ್ಟ್ ಪ್ರವಾಹ ಕಾರಣ. ಮಗಳ ಅಳತೆಯ ವೆಟ್‌ಸೂಟ್ ಇಲ್ಲದಿದ್ದರೆ ಹತ್ತು ನಿಮಿಷಕ್ಕೆ ತುಟಿ ನೀಲಿಯಾಗಿ ಹೊರಬರುತ್ತಾಳೆ. ಬಾಡಿಗೆಗೆ ಅವಳ ಅಳತೆ ಸಿಗುವುದು ಖಚಿತವಿಲ್ಲ, ಕೊಂಡೇ ಹೋಗಿ. ಡಿಸೆಂಬರ್‌ನಿಂದ ಮೇ ನೀರು ಬೆಚ್ಚಗೆ, ನಡುನಡುವೆ ಮಳೆ.

ಅಲ್ಲಿಯ ಪ್ರಾಣಿಗಳಿಗೆ ಮನುಷ್ಯರ ಭಯವಿಲ್ಲ. ಕಡಲ ಸಿಂಹಗಳು ಊರಿನ ಬೆಂಚಿನ ಮೇಲೆ ಮಲಗಿರುತ್ತವೆ, ಇಗ್ವಾನಾ ಕಾಲುದಾರಿಯಲ್ಲೇ ಬಿದ್ದಿರುತ್ತದೆ. ಎರಡು ಮೀಟರ್ ದೂರ ಕಾಯಬೇಕೆಂಬುದು ನಿಯಮ, ಅವೇ ಹತ್ತಿರ ಬಂದರೆ ನಾವೇ ಹಿಂದೆ ಸರಿಯಬೇಕು. ಎರಡು ಮೀಟರ್ ಎಂದರೆ ಎಷ್ಟೆಂದು ಮನೆಯಲ್ಲೇ ಹಗ್ಗ ಅಳೆದು ತೋರಿಸಿ.

ಮಗುವಿಗೆ ಎರಡೇ ವರ್ಷ. ಈಗಲೇ ದ್ವೀಪ ತೋರಿಸಬೇಕೆಂದರೆ? — ಮಂಡ್ಯದಿಂದ

ನಿಮ್ಮ ಮನೆ ಬಾಗಿಲಲ್ಲೇ ರಂಗನತಿಟ್ಟು ಇದೆ. ಕಾವೇರಿಯ ನಡುಗಡ್ಡೆಗಳು, ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿ ಸೇರಿತು. ಫೆಬ್ರವರಿಯಿಂದ ಮೇವರೆಗೆ ಬಣ್ಣದ ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿಗಳು ಮರಿಗಳಿಗೆ ಉಣಿಸುವುದು ದೋಣಿಯಿಂದಲೇ ಕಾಣುತ್ತದೆ, ಬಂಡೆಯ ಮೇಲೆ ಮೊಸಳೆಯೂ. ವಾರದ ದಿನ, ಬೆಳಿಗ್ಗೆ ಬಾಗಿಲು ತೆರೆದೊಡನೆ ಹೋಗಿ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ನೀರು ಬಿಟ್ಟಾಗ ದೋಣಿ ನಿಲ್ಲಿಸುತ್ತಾರೆ, ಹೊರಡುವ ಮೊದಲು ವಿಚಾರಿಸಿ. ದೋಣಿಯಲ್ಲಿ ಮಗುವಿನ ಕೈ ನೀರಿಗೆ ಚಾಚದಂತೆ ನಡುವಿನ ಸೀಟಿನಲ್ಲಿ ಕೂರಿ.